ಕ್ರೇಕ್ ಕಂಡರೆ ಮೊದಲು ರೆಕ್ಕೆತುದಿ

ಜೊಂಡಿನ ಬುಡದಿಂದ ಇಲಿಯಂತೆ ಹೊರಬಂದು, ಗಿಡ್ಡ ಬಾಲ ಕುಣಿಸಿ, ನೋಡನೋಡುತ್ತಲೇ ಮರೆಯಾಗುವ ಹಕ್ಕಿ ಕ್ರೇಕ್. ಹುಂಡುಕೋಳಿಯ ಬಳಗವೇ, ಆದರೆ ಅದರ ದಿಟ್ಟತನ ಇದಕ್ಕಿಲ್ಲ. ಒಂದನ್ನೊಂದು ಹೋಲುವ ಎರಡು ಜಾತಿಗಳಿವೆ. ಹಕ್ಕಿ ಮರೆಯಾಗುವಷ್ಟರೊಳಗೆ ನಾವು ಅದು ಬೈಲನ್ಸ್ ಕ್ರೇಕೋ ಲಿಟಲ್ ಕ್ರೇಕೋ ಹೇಳಬೇಕು. ಶುರುವಿನಲ್ಲಿ ಗಾತ್ರ ನೋಡುತ್ತಿದ್ದೆ. ದಂಡ. ಒಂದು 16-18 ಸೆಂ.ಮೀ., ಇನ್ನೊಂದು 17-19!

ಆಮೇಲೆ ಪಕ್ಕೆಯ ಪಟ್ಟೆಗಳನ್ನು ನೆಚ್ಚಿಕೊಂಡೆ. ಬೈಲನ್ಸ್‌ಗೆ ಕಪ್ಪು-ಬಿಳಿ ಪಟ್ಟೆ ಢಾಳಾಗಿ ಕಾಲಿಗಿಂತ ಮುಂದಕ್ಕೂ ಬರುತ್ತದೆ. ಲಿಟಲ್‌ಗೆ ಹಿಂಬದಿಯಲ್ಲಷ್ಟೇ, ಅದೂ ಮಸುಕು. ಒಂದು ಬೆಳಿಗ್ಗೆ ಪಟ್ಟೆ ಚೆನ್ನಾಗಿ ಕಂಡಿತೆಂದು ಬೈಲನ್ಸ್ ಎಂದು ಬರೆದುಕೊಂಡು, ನಾಲ್ಕು ಜನರಿಗೆ ಹೇಳಿಯೂ ಬಿಟ್ಟೆ. ರಾತ್ರಿ ಫೋಟೊ ಹಿಗ್ಗಿಸಿ ನೋಡಿದಾಗ ಇಂಗು ತಿಂದ ಮಂಗನಂತಾದೆ. ಅದು ಲಿಟಲ್ ಕ್ರೇಕ್‌ನ ಎಳೆಯ ಹಕ್ಕಿ. ಎಳೆಯವಕ್ಕೆ ಪಟ್ಟೆ ಜಾಸ್ತಿ ಎಂಬುದು ನನಗೆ ಹೊಳೆದಿರಲಿಲ್ಲ.

ಗುಟ್ಟು ರಟ್ಟು ಮಾಡಿದ್ದು ರೆಕ್ಕೆತುದಿ. ಮಡಿಸಿದ ರೆಕ್ಕೆಯ ಮೇಲೆ ಹೊದಿಕೆಯಂತೆ ಕೂರುವ ಟರ್ಷಿಯಲ್ ಗರಿಗಳು ಮುಗಿದ ಮೇಲೂ ರೆಕ್ಕೆತುದಿಯ ಹಾರುಗರಿಗಳಾದ ಪ್ರೈಮರಿಗಳು ಉದ್ದಕ್ಕೆ ಚಾಚಿದ್ದವು. ಬೈಲನ್ಸ್‌ನಲ್ಲಾದರೆ ಅವು ಇಣುಕಿದರೆ ಹೆಚ್ಚು. ಹಾಗಾಗಿಯೇ ಅದು ಮೊಂಡಾಗಿ, ಗುಂಡುಗುಂಡಾಗಿ ಕಾಣುತ್ತದೆ, ಲಿಟಲ್ ನೀಳ. ಇಲ್ಲೂ ಒಂದು ಕೊಕ್ಕೆಯಿದೆ: ಗರಿ ಉದುರುವ ಕಾಲದಲ್ಲಿ ಟರ್ಷಿಯಲ್ ಬಿದ್ದುಹೋಗಿದ್ದರೆ ಬೈಲನ್ಸ್‌ನ ಪ್ರೈಮರಿಯೂ ಉದ್ದ ಕಂಡೀತು. ಆದ್ದರಿಂದ ಮೇಲಿನ ಗರಿಗಳು ಪೂರ್ತಿ ಇವೆಯೇ ಎಂದು ಮೊದಲು ನೋಡುತ್ತೇನೆ.

ಎರಡನೆಯದು ಬೆನ್ನು. ಬೈಲನ್ಸ್‌ನ ಕಂದು ಬೆನ್ನ ಮೇಲೆ ಸುಣ್ಣದ ನೀರು ಸಿಡಿದಂತೆ ಬಿಳಿ ಚುಕ್ಕೆ, ಸೊಟ್ಟ ಗೀರು. ಅವಕ್ಕೆ ಕಪ್ಪು ಅಂಚು. ರೆಕ್ಕೆಯ ಮೇಲುಹೊದಿಕೆಗೂ ಅವು ಹರಡಿರುತ್ತವೆ. ಬೆಳೆದ ಲಿಟಲ್‌ಗೆ ಅಲ್ಲಿ ಹೆಚ್ಚಾಗಿ ಬರಿದು, ಬೆನ್ನಲ್ಲಿ ಉದ್ದುದ್ದ ತಿಳಿಗೆರೆಗಳು.

ಬೆಳೆದ ಹಕ್ಕಿಯಾದರೆ ಕೊಕ್ಕಿನ ಬುಡವೇ ಸಾಕು: ಲಿಟಲ್‌ಗೆ ಅಲ್ಲೊಂದು ಕೆಂಪು, ಬೈಲನ್ಸ್‌ಗೆ ಇಲ್ಲ. ಲಿಟಲ್‌ನ ಹೆಣ್ಣಿಗೆ ಎದೆ ತಿಳಿಕಂದು, ಬೈಲನ್ಸ್‌ನಲ್ಲಿ ಹೆಣ್ಣು-ಗಂಡು ಎರಡಕ್ಕೂ ಬೂದು. ಕಷ್ಟವೆಲ್ಲ ಎಳೆಯವುಗಳದ್ದೇ.

ಈಗ ಟಿಪ್ಪಣಿಯಲ್ಲಿ ಮೊದಲ ಸಾಲು ರೆಕ್ಕೆತುದಿಗೆ ಮೀಸಲು. ಅದು ಕಾಣದಿದ್ದರೆ, ಬೆನ್ನೂ ನೆರಳಲ್ಲಿದ್ದರೆ, ಬರೀ ‘ಕ್ರೇಕ್’ ಎಂದು ಬರೆದು ಮುಂದೆ ಹೋಗುತ್ತೇನೆ. ಅಂಥ ಸಾಲುಗಳು ನನ್ನ ಪುಸ್ತಕದಲ್ಲಿ ಬೇಕಾದಷ್ಟಿವೆ.