ಬೆಂಗಳೂರಿನ ಪ್ರತಿವಾದಿಗೆ ಅಮೆರಿಕದ ಸಮನ್ಸ್: ನನ್ನ ಅನುಭವ

ನಾನು ನ್ಯೂಜೆರ್ಸಿಯಲ್ಲಿ ವಕೀಲೆ. ಇಲ್ಲಿನ ಸಣ್ಣ ವ್ಯಾಪಾರಿಯೊಬ್ಬರ ಪರವಾಗಿ ಫೆಡರಲ್ ಕೋರ್ಟಿನಲ್ಲಿ ದಾವೆ ಹಾಕಿದ್ದೆ. ಪ್ರತಿವಾದಿ ಬೆಂಗಳೂರಿನ ಒಂದು ಕಂಪನಿ.

"ಸಮನ್ಸ್ ಕೊರಿಯರ್ ಮಾಡಿಬಿಡಿ ಮೇಡಂ, ಸಹಿ ಹಾಕಿ ತಗೋತಾರೆ" ಎಂದರು ಕಕ್ಷಿದಾರರು. ಅದು ನಡೆಯುವುದಿಲ್ಲ. ಒಂದು ದೇಶದ ಕೋರ್ಟಿನ ಕಾಗದವನ್ನು ಇನ್ನೊಂದು ದೇಶದಲ್ಲಿ ತಲುಪಿಸುವುದು ಹೇಗೆ ಎಂದು ಹೇಳುವ ಹೇಗ್ ಸರ್ವಿಸ್ ಒಪ್ಪಂದ ಭಾರತದಲ್ಲಿ ಜಾರಿಗೆ ಬಂದದ್ದು 2007ರ ಆಗಸ್ಟ್ 1ರಂದು. ಸೇರುವಾಗಲೇ ಭಾರತ, ಅಂಚೆಯಲ್ಲಿ ಕಳಿಸಲು ಬಿಡುವ ಅದರ 10ನೇ ವಿಧಿಗೆ ಆಕ್ಷೇಪ ಎತ್ತಿತ್ತು. ಹಾಗಾಗಿ ಅಂಚೆಯ ದಾರಿ ಇಲ್ಲ. ಅಮೆರಿಕದ ಸುಪ್ರೀಂ ಕೋರ್ಟಿನ 2017ರ ವಾಟರ್ ಸ್ಪ್ಲಾಶ್ ತೀರ್ಪನ್ನು ನಂಬಿ ಕೆಲವರು ಎಡವುತ್ತಾರೆ. ಅದು ಅಂಚೆಗೆ ಒಪ್ಪಿದ್ದು ಆಕ್ಷೇಪ ಎತ್ತದ ದೇಶಗಳ ಮಟ್ಟಿಗೆ ಮಾತ್ರ.

ಹಾಗಾಗಿ ಒಪ್ಪಂದದ ಪ್ರಕಾರ ಕಾಗದಗಳನ್ನು ಎರಡು ಪ್ರತಿ ಮಾಡಿ ದೆಹಲಿಯ ಕಾನೂನು ಸಚಿವಾಲಯಕ್ಕೆ ಕಳಿಸಿದೆ. ಇಂಗ್ಲಿಷ್ ಸಾಕು, ಅನುವಾದ ಬೇಡ. ಆಮೇಲೆ ತಿಂಗಳುಗಟ್ಟಲೆ ಸದ್ದಿಲ್ಲ. ಅಮೆರಿಕದೊಳಗೆ ಸಮನ್ಸ್ ತಲುಪಿಸಲು ಇರುವ 90 ದಿನದ ಗಡುವು ಹೊರದೇಶದ ಸಮನ್ಸ್ ಜಾರಿಗೆ ಅನ್ವಯಿಸುವುದಿಲ್ಲ. ಆದರೂ ಸುಮ್ನೆ ಕೂತರೆ ಜಡ್ಜ್ ಕೇಳುತ್ತಾರೆ. ಯಾವ ದಿನ ಯಾರಿಗೆ ಬರೆದೆ ಎಂದು ಮೊದಲ ದಿನದಿಂದ ಗುರುತು ಹಾಕಿಟ್ಟಿದ್ದೆ. ಬೇರೆ ದಾರಿಯಲ್ಲಿ ತಲುಪಿಸಲು ಕೋರ್ಟ್ ಅನುಮತಿ ಕೊಡಬಹುದಾದ, ಫೆಡರಲ್ ಸಿವಿಲ್ ನಿಯಮಾವಳಿಯ ನಿಯಮ 4(ಎಫ್)(3)ರ ಕೆಳಗೆ ಇಮೇಲ್ ಮೂಲಕ ಜಾರಿಗೆ ಅರ್ಜಿ ಹಾಕಿದಾಗ ಆ ಪಟ್ಟಿಯೇ ಕೈ ಹಿಡಿಯಿತು. ಅನುಮತಿ ಸಿಕ್ಕಿತು. ದೆಹಲಿಯ ಅರ್ಜಿಯನ್ನು ಮಾತ್ರ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಪ್ರತಿವಾದಿ ಹಾಜರಾಗಲಿಲ್ಲ. ಕಕ್ಷಿದಾರರು ಗೆದ್ದೆವು ಎಂದುಕೊಂಡರು. ನನಗೆ ಜಾಸ್ತಿ ಭಯ ಹುಟ್ಟಿದ್ದು ಆಗಲೇ. ಬ್ರಿಟನ್ ಅಥವಾ ಸಿಂಗಾಪುರದ ಡಿಕ್ರಿಯಾದರೆ ಭಾರತದ ಸಿವಿಲ್ ಪ್ರಕ್ರಿಯಾ ಸಂಹಿತೆಯ 44ಎ ಕಲಮಿನಡಿ ನೇರವಾಗಿ ಅಮಲಿಗೆ ಹಾಕಬಹುದು. ಈ ಸೌಲಭ್ಯ ಇರುವ ದೇಶಗಳ ಪಟ್ಟಿಯಲ್ಲಿ ಅಮೆರಿಕ ಇಲ್ಲ. ತೀರ್ಪು ಬಂದ 3 ವರ್ಷದೊಳಗೆ ಭಾರತದಲ್ಲಿ ಹೊಸ ದಾವೆ ಹೂಡಬೇಕು. ಅಲ್ಲಿ ಅದೇ ಸಂಹಿತೆಯ 13ನೇ ಕಲಮು ಕಾದಿರುತ್ತದೆ: ತೀರ್ಪು ಗುಣದೋಷ ನೋಡಿ ಕೊಟ್ಟದ್ದೇ? ಪ್ರತಿವಾದಿ ಬರಲಿಲ್ಲ ಎಂಬ ಒಂದೇ ಕಾರಣಕ್ಕೆ ಕೊಟ್ಟ ತೀರ್ಪು ಅಲ್ಲಿ ನಿಲ್ಲದು. ಇಂಟರ್‌ನ್ಯಾಷನಲ್ ವುಲನ್ ಮಿಲ್ಸ್ ಪ್ರಕರಣದಲ್ಲಿ ಭಾರತದ ಸುಪ್ರೀಂ ಕೋರ್ಟ್ 2001ರಲ್ಲೇ ಇದನ್ನು ಹೇಳಿದೆ.

ಹಾಗಾಗಿ ಬೇಗ ಸಿಗುವ ತೀರ್ಪನ್ನು ಬಿಟ್ಟು, ಸಾಕ್ಷ್ಯ ಕೇಳಿ ಎಂದು ಜಡ್ಜ್ ಮುಂದೆ ಬೇಡಿಕೊಂಡೆ. ಫೆಡರಲ್ ನಿಯಮಾವಳಿಯ ನಿಯಮ 55ರಲ್ಲಿ ಅದಕ್ಕೆ ಜಾಗವಿದೆ. ಕರಾರು, ಬಿಲ್ಲು, ಪ್ರಮಾಣಪತ್ರ ಎಲ್ಲವನ್ನೂ ದಾಖಲಿಸಿದೆ. ಕಕ್ಷಿದಾರರು ಸಾಕ್ಷಿ ನುಡಿದರು. ಎರಡು ತಿಂಗಳು ತಡವಾಯಿತು, ಖರ್ಚೂ ಬಿತ್ತು.

ತೀರ್ಪನ್ನು ಕಳಿಸಿದಾಗ ಬೆಂಗಳೂರಿನ ವಕೀಲರು ಮೊತ್ತ ಕೇಳಲಿಲ್ಲ. "ಸಾಕ್ಷ್ಯದ ಚರ್ಚೆ ಇದೆಯಾ ಮೇಡಂ?" ಎಂದರು. ಏಳು ಪುಟ ಇತ್ತು. ಮರುವಾರವೇ ದಾವೆ ಹೂಡಿದರು.