ಪಪ್ಪಾಯಿ ಬೀಜಕ್ಕೆ ನಾನು ತಾಯಿಗಿಡ ಆರಿಸುವ ರೀತಿ

ತಿಂದ ಪಪ್ಪಾಯಿ ರುಚಿಯಾಗಿತ್ತು ಅಂದರೆ ಬೀಜ ತೊಳೆದು ಒಣಗಿಸಿ ಎತ್ತಿಡುವುದು ಎಲ್ಲರೂ ಮಾಡುವ ಕೆಲಸ. ಆದರೆ ಒಂದು ಹಣ್ಣು ಸಿಹಿಯಾಗಲು ಹತ್ತು ಕಾರಣ ಇರಬಹುದು. ಆ ಗಿಡಕ್ಕೆ ಬಿಸಿಲು ಚೆನ್ನಾಗಿ ಬಿದ್ದಿರಬಹುದು, ಕಾಯಿ ಕಡಿಮೆ ಕಚ್ಚಿರಬಹುದು, ಹಣ್ಣು ಗಿಡದಲ್ಲೇ ಪೂರ್ತಿ ಬಲಿತಿರಬಹುದು. ಇದ್ಯಾವುದೂ ಬೀಜದ ಜೊತೆ ಮುಂದಕ್ಕೆ ಹೋಗುವುದಿಲ್ಲ. ಅದಕ್ಕೇ ನಾನು ಒಳ್ಳೆಯ ಹಣ್ಣು ಸಿಕ್ಕಿದಾಗ ಬೀಜದ ಕಡೆ ನೋಡುವುದಿಲ್ಲ. ಅದು ಯಾವ ಗಿಡದ್ದು, ಆ ಗಿಡದ ಉಳಿದ ಹಣ್ಣು ಹೇಗಿವೆ ಅಂತ ನೋಡುತ್ತೇನೆ.

ಪಪ್ಪಾಯಿಯಲ್ಲಿ ಗಂಡು, ಹೆಣ್ಣು, ದ್ವಿಲಿಂಗಿ (ಒಂದೇ ಹೂವಿನಲ್ಲಿ ಗಂಡು ಹೆಣ್ಣು ಎರಡೂ ಭಾಗ ಇರುವುದು) ಅಂತ ಮೂರು ಬಗೆಯ ಗಿಡಗಳಿವೆ. ಗಂಡು ಗಿಡದ ಹೂ ಉದ್ದನೆಯ ಗೊಂಚಲಲ್ಲಿ ಜೋತು ಬೀಳುತ್ತದೆ. ಹೆಣ್ಣು ಹೂ ಕಾಂಡಕ್ಕೆ ಅಂಟಿಕೊಂಡಿರುತ್ತದೆ, ಬುಡ ದಪ್ಪ. ಅದರ ಕಾಯಿ ದುಂಡಗೆ, ಒಳಗೆ ಟೊಳ್ಳು ಜಾಸ್ತಿ. ದ್ವಿಲಿಂಗಿ ಗಿಡದ ಕಾಯಿ ಉದ್ದ, ಸಾಮಾನ್ಯವಾಗಿ ಟೊಳ್ಳು ಚಿಕ್ಕದು. ಕೆಲವು ತಳಿಗಳಲ್ಲಿ ಗಂಡು ಗಿಡವೇ ಇರುವುದಿಲ್ಲ, ಹೆಣ್ಣು ಮತ್ತು ದ್ವಿಲಿಂಗಿ ಮಾತ್ರ. 1911ರಲ್ಲಿ ಬಾರ್ಬಡೋಸ್‌ನಿಂದ ಹವಾಯಿಗೆ ಹೋದ ಸೋಲೋ ಇಂಥದ್ದು. ನಾನು ಆಯ್ಕೆ ಮಾಡುವುದು ಈ ಬಗೆಯ ತಳಿಗಳಲ್ಲೇ. ಕಾರಣ ಸರಳ: ಗಂಡು ಗಿಡ ಹಣ್ಣು ಬಿಡುವುದಿಲ್ಲ. ಅದರೊಳಗೆ ಸಿಹಿಯ ಗುಣ ಇದೆಯೋ ಸಪ್ಪೆಯ ಗುಣ ಇದೆಯೋ ತಿಂದು ನೋಡುವುದು ಹೇಗೆ?

ಹೋಲಿಸುವಾಗ ಅಕ್ಕಪಕ್ಕದ ಗಿಡಗಳನ್ನೇ ಹೋಲಿಸುತ್ತೇನೆ. ಅಂಚಿನ ಸಾಲಿನ ಗಿಡಗಳಿಗೆ ಬೆಳಕೂ ಜಾಸ್ತಿ, ಜಾಗವೂ ಜಾಸ್ತಿ, ಅವು ಯಾವಾಗಲೂ ಚೆನ್ನಾಗಿ ಕಾಣುತ್ತವೆ. ಅವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಪ್ರತಿ ಗಿಡದಲ್ಲಿ ಎಷ್ಟು ಕಾಯಿ ಇದೆ, ಹಸಿರೆಲೆ ಎಷ್ಟಿದೆ ಅಂತಲೂ ಬರೆದುಕೊಳ್ಳುತ್ತೇನೆ. ಸಕ್ಕರೆ ತಯಾರಾಗುವುದು ಎಲೆಯಲ್ಲಿ. ಹತ್ತೇ ಕಾಯಿ ಹೊತ್ತ ಗಿಡ ಸಿಹಿ ಹಣ್ಣು ಕೊಟ್ಟರೆ ಅದರಲ್ಲೇನು ದೊಡ್ಡಸ್ತಿಕೆ? ಮೈತುಂಬ ಕಾಯಿ ಹೊತ್ತೂ ಸಿಹಿ ಕೊಡುವ ಗಿಡ ನನಗೆ ಬೇಕು. ಹಾಗೆಯೇ ರೋಗ ಬಂದು ಎಲೆ ಕಳೆದುಕೊಂಡ ಗಿಡದ ಹಣ್ಣು ಸಪ್ಪೆಯಾದರೆ ಅದು ತಳಿಯ ದೋಷ ಅಂತ ಹೇಳಲೂ ಆಗುವುದಿಲ್ಲ.

ಅಳೆಯುವ ಕೆಲಸಕ್ಕೆ ತಾಳ್ಮೆ ಬೇಕು. ಪಪ್ಪಾಯಿಯಲ್ಲಿ ಪಿಷ್ಟ ಇಲ್ಲವೆನ್ನುವಷ್ಟು ಕಡಿಮೆ. ಬಾಳೆಕಾಯಿ ಕಿತ್ತಿಟ್ಟರೆ ಪಿಷ್ಟ ಸಕ್ಕರೆಯಾಗಿ ಸಿಹಿ ಏರುತ್ತದೆ, ಪಪ್ಪಾಯಿಯಲ್ಲಿ ಹಾಗಾಗುವುದಿಲ್ಲ. ಕಿತ್ತ ಮೇಲೆ ಮೆತ್ತಗಾಗುತ್ತದೆ, ಬಣ್ಣ ಬರುತ್ತದೆ, ಅಷ್ಟೇ. ಒಂದು ಗಿಡದಿಂದ ಹಸಿರು ಕಾಯಿ, ಇನ್ನೊಂದರಿಂದ ಅರ್ಧ ಹಣ್ಣಾದದ್ದು ಕಿತ್ತು ಹೋಲಿಸಿದರೆ ಇಡೀ ಲೆಕ್ಕ ಸುಳ್ಳಾಗುತ್ತದೆ. ತುದಿಯ ಕಡೆಯಿಂದ ಹಳದಿ ಗೆರೆ ಮೂಡಿ ಕಾಲು ಭಾಗ ಹರಡಿದಾಗ ಎಲ್ಲ ಗಿಡದಿಂದಲೂ ಕೀಳುತ್ತೇನೆ. ಸಿಪ್ಪೆ ಮೇಲೆ ಗಿಡದ ನಂಬರ್ ಬರೆದು ನೆರಳಲ್ಲಿಡುತ್ತೇನೆ. ಒತ್ತಿದರೆ ಮೆತ್ತಗಾಗಲು ಎಷ್ಟು ದಿನ ಹಿಡಿಯಿತು ಅನ್ನುವುದೂ ಒಂದು ಗುಣವೇ, ಅದನ್ನೂ ಬರೆಯುತ್ತೇನೆ.

ಆಮೇಲೆ ಉದ್ದಕ್ಕೆ ಸೀಳಿ, ನಡುಭಾಗದಲ್ಲಿ ತಿರುಳಿನ ದಪ್ಪ ಅಳೆಯುತ್ತೇನೆ. ಎರಡೂವರೆ ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ನನ್ನ ಮಟ್ಟಿಗೆ ಆ ಗಿಡ ಹಿಂದೆ ಬಿತ್ತು. ಸಕ್ಕರೆ ನೋಡಲು ರಿಫ್ರ್ಯಾಕ್ಟೋಮೀಟರ್ ಇದೆ. ಅದರ ಗಾಜಿನ ಮೇಲೆ ಮೊದಲು ಶುದ್ಧ ನೀರು ಹಾಕಿ ಸೊನ್ನೆಗೆ ತರಬೇಕು, ಒರೆಸಿ ಎರಡು ಹನಿ ರಸ ಹಿಂಡಬೇಕು. ಬೆಳಕಿಗೆ ಹಿಡಿದರೆ ನೀಲಿ ಬಿಳಿ ಸೇರುವ ಗೆರೆಯಲ್ಲಿ ಬ್ರಿಕ್ಸ್ ಅಂಕಿ, ಅಂದರೆ ರಸದ ಸಿಹಿಯ ಅಳತೆ, ಕಾಣುತ್ತದೆ. ಒಂದೇ ಹಣ್ಣಿನಲ್ಲಿ ತೊಟ್ಟಿನ ಕಡೆ ಒಂದು ಅಂಕಿ, ತುದಿಯ ಕಡೆ ಇನ್ನೊಂದು ಬರುತ್ತದೆ. ಅದಕ್ಕೆ ಯಾವಾಗಲೂ ನಡುವಿನ ತುಂಡೇ. 12ಕ್ಕಿಂತ ಕೆಳಗಿದ್ದರೆ ಬೇಡ, 13 ದಾಟಿದರೆ ಆ ಗಿಡದ ಮೇಲೆ ಕಣ್ಣಿಡುತ್ತೇನೆ.

ಅಂಕಿ ಒಂದನ್ನೇ ನಂಬಿದರೂ ಕೆಲಸ ಕೆಡುತ್ತದೆ. 14 ಬ್ರಿಕ್ಸ್ ತೋರಿಸಿದ ಹಣ್ಣು ಬಾಯಿಗಿಟ್ಟರೆ ಹಿಟ್ಟಿನಂತೆ ಇರಬಹುದು, ಮೂಗಿಗೆ ಹಿಡಿಸದ ಘಾಟು ಇರಬಹುದು. ಹಾಗಾಗಿ ನಂಬರ್ ಮುಚ್ಚಿಟ್ಟು ಮನೆಯವರಿಗೆ ತುಂಡು ಕೊಡುತ್ತೇನೆ. ಯಾವ ಗಿಡದ್ದು ಅಂತ ಗೊತ್ತಿದ್ದರೆ ನಾನೇ ನನ್ನ ಮೆಚ್ಚಿನ ಗಿಡಕ್ಕೆ ಅಂಕ ಜಾಸ್ತಿ ಹಾಕಿಬಿಡುತ್ತೇನೆ. (ಸುಗ್ಗಿ ಮುಗಿಯುವ ಹೊತ್ತಿಗೆ ಮನೆಯಲ್ಲಿ ಯಾರಿಗೂ ಪಪ್ಪಾಯಿ ಮುಖ ನೋಡಲು ಇಷ್ಟವಿರುವುದಿಲ್ಲ, ಅದು ಬೇರೆ ಮಾತು.)

ಒಂದು ಗಿಡದಿಂದ ಒಂದೇ ಹಣ್ಣು ನೋಡಿ ತೀರ್ಮಾನ ಮಾಡುವುದಿಲ್ಲ. ಬಿಸಿಲುಗಾಲದ ಹಣ್ಣು, ಮಳೆ ಮೋಡದ ದಿನಗಳ ಹಣ್ಣು, ಎರಡೂ ಬೇಕು. ಮೋಡ ಕವಿದ ದಿನಗಳಲ್ಲಿ ಹಣ್ಣಾದವು ಸ್ವಲ್ಪ ಸಪ್ಪೆಯಾಗುವುದು ಸಹಜ. ನಾನು ಹುಡುಕುವುದು ಕಡಿಮೆ ಇಳಿಯುವ ಗಿಡವನ್ನು. ಬೇಸಿಗೆಯಲ್ಲಿ ಮೊದಲ ಸ್ಥಾನದಲ್ಲಿದ್ದು ಮಳೆಯಲ್ಲಿ ಪೂರ್ತಿ ಬಿದ್ದುಹೋಗುವ ಗಿಡಕ್ಕಿಂತ, ಎರಡರಲ್ಲೂ ಮೂರನೆಯದಾಗಿ ನಿಂತ ಗಿಡ ನನಗೆ ಇಷ್ಟ.

ಹವೆ ಬದಲಾದಾಗ ದ್ವಿಲಿಂಗಿ ಗಿಡಗಳ ಇನ್ನೊಂದು ಬಣ್ಣ ಬಯಲಾಗುತ್ತದೆ. ತಂಪಿನಲ್ಲಿ ಕೆಲವು ಗಿಡಗಳ ಹೂವಿನ ಕೇಸರಗಳು ಅಂಡಾಶಯಕ್ಕೆ ಅಂಟಿ ಕಾಯಿ ಸೊಟ್ಟಗೆ, ಮುಖ ಹಿಂಡಿದ ಹಾಗೆ ಬರುತ್ತದೆ. ಸೆಕೆಯಲ್ಲಿ ಕೆಲವು ಗಿಡ ಗಂಡಿನಂತೆ ಬರೀ ಹೂ ಬಿಟ್ಟು ಕಾಂಡದಲ್ಲಿ ಅಷ್ಟುದ್ದ ಖಾಲಿ ಬಿಡುತ್ತದೆ. ಇದಕ್ಕೆ ಹವೆ ನೆಪ, ಆದರೆ ಒಲವು ಗಿಡದ್ದೇ. ಪಕ್ಕದ ಗಿಡ ಅದೇ ಹವೆಯಲ್ಲಿ ಸರಿಯಾಗಿ ಕಾಯಿ ಬಿಟ್ಟಿರುತ್ತದಲ್ಲ. ಎಷ್ಟೇ ಸಿಹಿ ಇದ್ದರೂ ಇಂಥದ್ದನ್ನು ಬೀಜಕ್ಕೆ ಬಿಡುವುದಿಲ್ಲ.

ಗಿಡ ಗೊತ್ತಾದ ಮೇಲೆ ಉಳಿಯುವುದು ಪರಾಗದ ಪ್ರಶ್ನೆ. ಹಣ್ಣಿನ ತಿರುಳು ತಾಯಿಗಿಡದ್ದು, ಬೀಜದಲ್ಲಿ ಮಾತ್ರ ಅರ್ಧ ಪಾಲು ತಂದೆಯದು. ಹಣ್ಣು ಎಷ್ಟು ರುಚಿ ಇದ್ದರೂ ಪರಾಗ ಕಂಡ ಕಂಡ ಗಿಡದಿಂದ ಬಂದಿದ್ದರೆ ಬೀಜದ ಮೇಲೆ ಭರವಸೆ ಇಡುವ ಹಾಗಿಲ್ಲ. ಆರಿಸಿದ ದ್ವಿಲಿಂಗಿ ಗಿಡದಲ್ಲಿ ನಾಳೆ ಅರಳುವ ಮೊಗ್ಗಿಗೆ ಇವತ್ತೇ ಕಾಗದದ ಚೀಲ ಕಟ್ಟುತ್ತೇನೆ. ಅದರದ್ದೇ ಪರಾಗ ಅದಕ್ಕೆ ಸಾಕು. ಎಸಳು ಉದುರಿ ಪಿಂದೆ ನಿಂತ ಮೇಲೆ ಚೀಲ ಬಿಚ್ಚಿ, ತೊಟ್ಟಿಗೆ ಸಡಿಲವಾಗಿ ಬಣ್ಣದ ದಾರ ಕಟ್ಟುತ್ತೇನೆ. ದಾರ ಇಲ್ಲದ ಹಣ್ಣು ತಿನ್ನಲು, ದಾರ ಇದ್ದದ್ದು ಬೀಜಕ್ಕೆ. ಹೀಗೆ ಸ್ವಂತ ಪರಾಗದಲ್ಲೇ ಪೀಳಿಗೆ ಮುಂದುವರಿಸಿದರೂ ಪಪ್ಪಾಯಿ ಅಷ್ಟಾಗಿ ಸೊರಗುವುದಿಲ್ಲ, ಅದು ನಮ್ಮ ಪುಣ್ಯ.

ಬೀಜ ಪೂರ್ತಿ ಹಣ್ಣಾದದ್ದರಿಂದಲೇ ತೆಗೆಯುತ್ತೇನೆ. ಮೇಲಿನ ಲೋಳೆ ಪೊರೆ ಮೊಳಕೆಗೆ ಅಡ್ಡಿ, ಜರಡಿಯಲ್ಲಿ ಉಜ್ಜಿ ತೊಳೆದು ತೆಗೆಯಬೇಕು. ನೀರಲ್ಲಿ ತೇಲಿದ್ದು ಜೊಳ್ಳು. ಮುಳುಗಿದ್ದನ್ನು ನೆರಳಲ್ಲಿ ಒಣಗಿಸಿದರೆ ಆಯ್ತು.

ಈ ಬೀಜದಿಂದ ಬರುವ ಗಿಡಗಳಲ್ಲಿ ಹೆಚ್ಚುಕಡಿಮೆ ಎರಡು ಪಾಲು ದ್ವಿಲಿಂಗಿ, ಒಂದು ಪಾಲು ಹೆಣ್ಣು. ಸಸಿಯಲ್ಲಿ ಕಣ್ಣಿಗೆ ಗೊತ್ತಾಗುವುದಿಲ್ಲವಾದ್ದರಿಂದ ಗುಂಡಿಗೆ ಮೂರು ಸಸಿ ನೆಟ್ಟು, ಹೂ ಬಂದ ಮೇಲೆ ಒಂದು ದ್ವಿಲಿಂಗಿ ಉಳಿಸಿ ಉಳಿದದ್ದು ಕಡಿಯುತ್ತೇನೆ. ತಿರುಳಿನ ಬಣ್ಣದ ವಿಷಯದಲ್ಲಿ ಕೆಂಪು ಸುಲಭ. ಹಳದಿ ಗುಣ ಕೆಂಪನ್ನು ಮುಚ್ಚಿಡುತ್ತದೆ, ಆದ್ದರಿಂದ ಕೆಂಪಾಗಿ ಕಂಡ ಗಿಡದೊಳಗೆ ಹಳದಿ ಅಡಗಿರುವುದಿಲ್ಲ. ಅದರದ್ದೇ ಪರಾಗದಿಂದ ಬಂದ ಮಕ್ಕಳೂ ಕೆಂಪೇ. ಹಳದಿ ಗಿಡದ ಮಕ್ಕಳಲ್ಲಿ ಕೆಲವು ಕೆಂಪು ಬಂದರೆ ಆಶ್ಚರ್ಯ ಪಡಬೇಕಿಲ್ಲ. ಸಿಹಿ, ತಿರುಳಿನ ದಪ್ಪ ಇವು ಹಾಗಲ್ಲ, ಹಲವು ಗುಣಾಣುಗಳು (ಜೀನ್‌ಗಳು) ಸೇರಿ ಆಡುವ ಆಟ. ಹೈಬ್ರಿಡ್ ಹಣ್ಣಿನ ಬೀಜದಿಂದ ಶುರು ಮಾಡಿದರಂತೂ ಮೊದಲ ಪೀಳಿಗೆಯಲ್ಲಿ ಒಂದು ಗಿಡದ ಹಾಗೆ ಇನ್ನೊಂದಿರುವುದಿಲ್ಲ. ಆಗಲೇ ಗಿಡ ಜಾಸ್ತಿ ಹಾಕಬೇಕು, ಆರಿಸಲು ಸಿಗುವುದು ಆ ವೈವಿಧ್ಯದಲ್ಲೇ. ನಂತರದ ಪೀಳಿಗೆಗಳಲ್ಲಿ ಪ್ರತಿ ತಾಯಿಗಿಡದ ಮಕ್ಕಳನ್ನು ಬೇರೆ ಬೇರೆ ಸಾಲಿನಲ್ಲಿ ನೆಡುತ್ತೇನೆ. ಯಾವ ಸಾಲಿನ ಹಣ್ಣುಗಳ ಅಂಕಿ ಒಂದಕ್ಕೊಂದು ಹತ್ತಿರ ಬರುತ್ತದೋ ಮುಂದಿನ ಚೀಲ ಕಟ್ಟುವುದು ಆ ಸಾಲಿನಲ್ಲಿ.