ಅಜ್ಜಿ ‘ನಾವು’ ಅಂದರೆ ಯಾರು?

ನಾಗಮಂಗಲ ಸೀಮೆಯ ನಮ್ಮೂರಲ್ಲಿ ಅಜ್ಜಿಯ ಕಥೆ ರೆಕಾರ್ಡ್ ಮಾಡಲು ಕೂತ ಮೊದಲ ದಿನ ನನಗೆ ಸಿಕ್ಕಿದ್ದು ನಾಲ್ಕು ನಿಮಿಷದ ಮಾತು. ಫೋನು ಎದುರಿಗಿಟ್ಟು, ಬರೆದುಕೊಂಡು ಹೋಗಿದ್ದ ಪ್ರಶ್ನೆಗಳನ್ನು ಒಂದೊಂದಾಗಿ ಕೇಳಿದೆ. “ಏನೈತ್ಲಾ ಹೇಳಾಕೆ? ಗೇದ್ವಿ, ಉಂಡ್ವಿ” ಅಂದವಳೇ ಎದ್ದು ಹೋದಳು.

ಅದು ಅವರೆಕಾಯಿ ಕಾಲ. ಮಾರನೇ ದಿನ ನೆನೆಹಾಕಿದ ಕಾಳು ಹಿಚುಕಲು ನಾನೂ ಪಕ್ಕದಲ್ಲಿ ಕೂತೆ. ರೆಕಾರ್ಡ್ ಆಗುತ್ತೆ ಅಂತ ಹೇಳಿಯೇ ಫೋನನ್ನು ಮೊರದ ಹತ್ತಿರ ಇಟ್ಟಿದ್ದೆ. ಐದು ನಿಮಿಷಕ್ಕೆ ಅವಳಿಗೆ ಅದು ಮರೆತೇ ಹೋಯಿತು. ಕೈಗೆ ಕೆಲಸ ಸಿಕ್ಕಿದ್ದೇ ತಡ, ಒಂದೂವರೆ ಗಂಟೆ ಬಿಡದೆ ಮಾತಾಡಿದಳು. ಆಮೇಲೆ ನಾನು ಪ್ರಶ್ನೆಯ ಪಟ್ಟಿ ಮುಟ್ಟಲಿಲ್ಲ. ಒಂದು ದಿನ ಹುಣಸೆಹಣ್ಣು, ಇನ್ನೊಂದು ದಿನ ರಾಗಿ ಹಸನು ಮಾಡೋದು. ಕೆಲಸ ಬದಲಾದರೆ ಕಥೆಯೂ ಬದಲಾಗುತ್ತಿತ್ತು.

ಕಷ್ಟ ಶುರುವಾಗಿದ್ದು ಕೇಳಿದ್ದನ್ನು ಬರೆಯಲು ಕೂತಾಗ. ಅಜ್ಜಿಗೆ ಇಸವಿ ಗೊತ್ತಿಲ್ಲ. “ನಿಮ್ ದೊಡ್ಡಪ್ಪ ಹೊಟ್ಟೇಲಿದ್ದಾಗ”, “ಹೊಸ ಪೈಸೆ ಬಂದ್ ವರ್ಷ”, ಇದು ಅವಳ ಲೆಕ್ಕ. ಹೊಸ ಪೈಸೆ ಬಂದಿದ್ದು 1957ರ ಏಪ್ರಿಲ್‌ನಲ್ಲಿ. ಅದನ್ನೇ ಗೂಟ ಮಾಡಿಕೊಂಡು ಉಳಿದದ್ದನ್ನು ಹಿಂದೆ ಮುಂದೆ ಜೋಡಿಸುತ್ತಾ ಹೋದೆ. ಅಳತೆಯಲ್ಲೂ ಎಡವಿದೆ. “ಎರಡು ಖಂಡುಗ ಇತ್ತು” ಅಂದಾಗ ರಾಗಿ ಅಂತ ಬರೆದುಕೊಂಡಿದ್ದೆ. ಅವಳು ಹೇಳಿದ್ದು ಹೊಲ, ಅಂದರೆ ಅಷ್ಟು ಬೀಜ ಹಿಡಿಯುವ ನೆಲ! ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ ಸರಿ, ಆದರೆ ಕೊಳಗವೇ ಊರಿಂದ ಊರಿಗೆ ಬೇರೆ ಇರುತ್ತಿತ್ತು. ಅದಕ್ಕೇ ಕಿಲೋಗೆ ತಿರುಗಿಸುವ ಗೋಜಿಗೆ ಹೋಗಲಿಲ್ಲ. ಅವಳ ಮಾತನ್ನು ಹಾಗೇ ಬಿಟ್ಟೆ.

ದೊಡ್ಡ ತಪ್ಪು ಮಾಡಿದ್ದು ಬರದ ಕಥೆಯಲ್ಲಿ. “ಧಾತು ಈಶ್ವರದ ಬರದಾಗೆ ಗೆಡ್ಡೆ ಅಗೆದು ಬೇಯಿಸ್ಕಂಡ್ ತಿಂದ್ವಿ. ಹಟ್ಟಿ ಬಾಗಿಲು ತೆಗೆಯೋರು ಇರ್ನಿಲ್ಲ” ಅಂದಳು. ಧಾತು, ಈಶ್ವರ ಸಂವತ್ಸರದ ಹೆಸರು. ಅರವತ್ತು ವರ್ಷಕ್ಕೊಮ್ಮೆ ಬರುತ್ತವೆ. ಲೆಕ್ಕ ಹಾಕಿದೆ, 1936ರಿಂದ 1938. ಖುಷಿಯಾಗಿ ಬರೆದುಬಿಟ್ಟೆ. ಅದನ್ನು ಓದಿದ ಸೋದರತ್ತೆ ನಕ್ಕರು. “ಆಗ ನಿಮ್ಮಜ್ಜಿ ತೊಟ್ಟಿಲಲ್ಲಿದ್ದಳು ಕಣೋ, ಗೆಡ್ಡೆ ಹೇಗೆ ಅಗೀತಾಳೆ?”

ಇನ್ನೊಂದು ಸುತ್ತು ಹಿಂದೆ ಹೋಗಬೇಕಿತ್ತು. 1876ರಿಂದ 1878ರ ಬರ ಅದು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದಲ್ಲಿ 50 ಲಕ್ಷ ಜನ ಇದ್ದರು, 1881ರಲ್ಲಿ ಸುಮಾರು 42 ಲಕ್ಷ. ಗೆಡ್ಡೆ ತಿಂದವಳು ಅಜ್ಜಿಯ ಅಜ್ಜಿ, ಆಗ ಇನ್ನೂ ಹುಡುಗಿ. ಅವಳ ಬಾಯಲ್ಲಿ ಕೇಳಿ ಕೇಳಿ ನಮ್ಮಜ್ಜಿಗೆ ಆ ಹಸಿವು ತನ್ನದೇ ಆಗಿಬಿಟ್ಟಿತ್ತು. ಸುಳ್ಳು ಹೇಳುತ್ತಿರಲಿಲ್ಲ ಅವಳು. ಅವಳ ‘ನಾವು’ ಅಷ್ಟು ಉದ್ದ, ಅಷ್ಟೆ.

ಅಲ್ಲಿಂದ ಪ್ರತಿ ‘ನಾವು’ ಬಂದಾಗಲೂ ಪುಸ್ತಕದ ಪಕ್ಕದಲ್ಲಿ ಒಂದು ಗೆರೆ ಎಳೆಯಲು ಶುರು ಮಾಡಿದೆ. ಯಾರು ಅಂತ ಆಮೇಲೆ ಮೆಲ್ಲಗೆ ಕೇಳುವುದು.

ಹಗೇವಿನ ಕಥೆ ನಾನು ಚಿಕ್ಕಂದಿನಿಂದ ಕೇಳಿದ್ದೆ. ಗಟ್ಟಿ ನೆಲದಲ್ಲಿ ಆಳವಾಗಿ ತೋಡಿ, ಒಳಗೆ ಹುಲ್ಲು ಹಾಸಿ, ರಾಗಿ ತುಂಬಿ, ಬಾಯಿ ಕಲ್ಲಲ್ಲಿ ಮುಚ್ಚಿ ಮಣ್ಣು ಮೆತ್ತುವುದು. ರಾಗಿಗೆ ಹುಳ ಹಿಡಿಯೋದು ಕಡಿಮೆ, ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ತೆಗೆಯುವಾಗ ಮಾತ್ರ ಭಯ. ಮುಚ್ಚಿದ ಗುಂಡಿಯಲ್ಲಿ ಕೆಟ್ಟ ಗಾಳಿ ತುಂಬಿರುತ್ತೆ. ಬಾಯಿ ತೆರೆದು ಬಿಟ್ಟು, ದೀಪ ಇಳಿಬಿಟ್ಟು ನೋಡಬೇಕು. ದೀಪ ಆರಿದರೆ ಇಳಿಯುವ ಹಾಗಿಲ್ಲ. “ಅಂಗೆ ನೋಡ್ಕಂಡು ನಾವು ಇಳೀತಿದ್ವಿ” ಅಂದಳು ಅಜ್ಜಿ.

ಗೆರೆ ಎಳೆದೆ. ಸಂಜೆ ಕೇಳಿದೆ, “ತಾತ ಇಳೀತಿದ್ರಾ?”

“ತಾತ ಯಾಕ್ ಇಳೀತಾನೆ?”

“ಮತ್ಯಾರು?”

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಒಂದು ಹೆಸರು ಹೇಳಿದಳು. ನಮ್ಮ ಮನೆಯಲ್ಲಿ ಜೀತಕ್ಕಿದ್ದವರು. ಇಷ್ಟು ವರ್ಷ ಕೇಳಿದ ಕಥೆಯಲ್ಲಿ ಆ ಹೆಸರು ಒಮ್ಮೆಯೂ ಬಂದಿರಲಿಲ್ಲ. ನಾನೂ ಕೇಳಿರಲಿಲ್ಲ, ಅದೂ ನಿಜ.

ಅವರ ಮಗಳು ಊರಾಚೆ ಕಾಲೋನಿಯಲ್ಲೇ ಇದ್ದರು. ಹೋಗಲು ನನಗೆ ಎರಡು ವಾರ ಹಿಡಿಯಿತು. ಸುಮ್ನೆ ಮುಂದೂಡುತ್ತಿದ್ದೆ. ಹೋದಾಗ ಟೀ ಕೊಟ್ಟು ಕೂರಿಸಿದರು. ಹಗೇವು ಅಂದ ತಕ್ಷಣ ಅವರಿಗೆ ದೀಪ ನೆನಪಾಗಲಿಲ್ಲ.

“ಅಪ್ಪ ಒಳಗಿಂದ ಕೂಗು ಹಾಕ್ತಾನೇ ಇರ್ಬೇಕಿತ್ತು. ನಾನು ಮೇಲೆ ನಿಂತು ಓ ಅಂತಿದ್ದೆ. ಕೂಗು ನಿಂತ್ರೆ ಹಗ್ಗ ಎಳೀರಿ ಅಂತ ಹೇಳಕ್ಕೆ ನನ್ನ ನಿಲ್ಲಿಸ್ತಿದ್ರು. ಗುಂಡಿ ಗೋಡೆಗೆ ಹತ್ಕೊಂಡು ಮುಗ್ಗಿರ್ತಿತ್ತಲ್ಲ ರಾಗಿ, ಅದು ನಮ್ ಪಾಲು.”